ನಕ್ಷತ್ರಾಂಕವೂ ಸಹೃದಯನ ಮಾತೂ

ಒಂದು ವಸ್ತುವಿನ ಗುಣವನ್ನು ತಿಳಿಸುವುದು ಬೇರೆ, ಅದಕ್ಕೆ ಅಂಕ ಹಾಕುವುದು ಬೇರೆ. ಮೊದಲನೆಯದಕ್ಕೆ ಕಣ್ಣೂ ಮನಸ್ಸೂ ಬೇಕು. ಎರಡನೆಯದಕ್ಕೆ ಬೆರಳೊಂದಿದ್ದರೆ ಸಾಕು. ಚಲಚ್ಚಿತ್ರಗಳ ವಿಷಯದಲ್ಲಿ ಈ ಎರಡೂ ಒಂದೇ ಎಂಬ ಭ್ರಮೆ ಇಂದು ಬಲವಾಗಿ ಬೇರೂರಿದೆ. ಶುಕ್ರವಾರ ಬೆಳಗ್ಗೆ ಚಿತ್ರವೊಂದು ತೆರೆಯ ಮೇಲೆ ಬಂದರೆ, ಮಧ್ಯಾಹ್ನದ ಊಟದ ವೇಳೆಗೆ ಐದಕ್ಕೆ ಎರಡೂವರೆ ನಕ್ಷತ್ರವೆಂದೋ ಹತ್ತಕ್ಕೆ ಎಂಟೆಂದೋ ಅದರ ಜಾತಕ ಬರೆದಾಗಿರುತ್ತದೆ. ಬರೆದವರು ಯಾರು, ಯಾವ ಅಳತೆಗೋಲಿನಿಂದ ಅಳೆದರು, ಏತಕ್ಕಾಗಿ ಅರ್ಧ ನಕ್ಷತ್ರವನ್ನು ಕಳೆದರು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲ. ಉತ್ತರವೇಕಿಲ್ಲವೆಂದು ಕೇಳುವವರೂ ವಿರಳ. ಕಾರಣವನ್ನು ಹೇಳದ ಈ ತೀರ್ಪು ಪ್ರೇಕ್ಷಕನಿಗೆ ಉಪಕಾರ ಮಾಡುವೆನೆಂದು ಬಂದು ಅವನಿಗೇ ಅಪಕಾರ ಮಾಡುತ್ತಿದೆ ಎಂಬುದನ್ನೂ, ಅದರ ಸ್ಥಾನದಲ್ಲಿ ನಿಲ್ಲತಕ್ಕದ್ದು ಯಾವುದು ಎಂಬುದನ್ನೂ ವಿಚಾರಿಸಬೇಕಾದ ಕಾಲ ಒದಗಿದೆ.

ಮೊದಲು ಒಂದು ಮಾತನ್ನು ಒಪ್ಪಲೇಬೇಕು. ಚಿತ್ರವನ್ನು ನೋಡುವುದಕ್ಕೆ ಮುಂಚೆ ಅದನ್ನು ಕಂಡವರ ಅಭಿಪ್ರಾಯವನ್ನು ಕೇಳಬೇಕೆಂಬ ಅಪೇಕ್ಷೆ ತಪ್ಪಲ್ಲ. ಬೆಂಗಳೂರಿನಲ್ಲಿರುವವನು ಚಿತ್ರ ಹಿಡಿಸದಿದ್ದರೆ ಅರ್ಧಕ್ಕೆ ಎದ್ದು ಬಂದು ಸಂಜೆ ಇನ್ನೊಂದಕ್ಕೆ ಹೋಗಬಹುದು. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯ ಕುಟುಂಬದ ಸಂಗತಿ ಹಾಗಲ್ಲ. ಶೇಂಗಾ ಬೆಳೆಯುವ ಒಕ್ಕಲುಮನೆಯವರಾಗಲಿ ಮಗ್ಗದ ಮೇಲೆ ರೇಷ್ಮೆಸೀರೆ ನೇಯುವವರಾಗಲಿ ಹೊಸ ಚಿತ್ರವನ್ನು ದೊಡ್ಡ ತೆರೆಯ ಮೇಲೆ ನೋಡಬೇಕೆಂದರೆ ಚಳ್ಳಕೆರೆಗೋ ಬಳ್ಳಾರಿಗೋ, ಇಲ್ಲವೆ ಗಡಿ ದಾಟಿ ರಾಯದುರ್ಗಕ್ಕೋ ಬಸ್ಸು ಹಿಡಿಯಬೇಕು. ಒಂದು ದಿನದ ದುಡಿಮೆ ಹೋಯಿತು. ಬಸ್ಸಿನ ಚಾರ್ಜು, ಟಿಕೆಟ್ಟಿನ ಹಣ, ಮಕ್ಕಳ ತಿಂಡಿ ಎಲ್ಲ ಸೇರಿತು. ಅಷ್ಟೆಲ್ಲ ಖರ್ಚುಮಾಡಿ ಹೋದಮೇಲೆ, ಅಜ್ಜಿಯ ಪಕ್ಕದಲ್ಲಿ ಕುಳಿತು ಮೊಮ್ಮಗಳು ನೋಡಲಾಗದ ಚಿತ್ರವೆಂದು ತಿಳಿದರೆ, ನಷ್ಟವಾದದ್ದು ದುಡ್ಡು ಮಾತ್ರವಲ್ಲ. ಈ ಸೀಮೆಯ ಅನೇಕ ಮನೆಗಳಲ್ಲಿ ಕನ್ನಡವೂ ತೆಲುಗೂ ಕಿವಿಗೆ ಒಗ್ಗಿದ ಭಾಷೆಗಳಾದುದರಿಂದ ಆಯ್ಕೆಯ ಹರವೂ ಇಮ್ಮಡಿ, ಗೊಂದಲವೂ ಇಮ್ಮಡಿ. ಮನೆಯಲ್ಲಿಯೇ ಕುಳಿತು ಫೋನಿನಲ್ಲಿ ನೋಡುವೆನೆಂದರೆ ಅಲ್ಲಿ ನೂರಾರು ಚಿತ್ರಗಳು ಒಟ್ಟಿಗೆ ಎದುರು ನಿಲ್ಲುತ್ತವೆ. ಆದಕಾರಣ ಚಿಕ್ಕದಾದ, ಸ್ಪಷ್ಟವಾದ ಅಭಿಪ್ರಾಯವೊಂದು ಇಂತಹ ಪ್ರೇಕ್ಷಕನಿಗೆ ಶೋಕಿಯಲ್ಲ, ಅವಶ್ಯಕತೆ.

ಹೀಗಿರುವಲ್ಲಿ ನಕ್ಷತ್ರಾಂಕವು ಅವನಿಗೆ ಏನನ್ನು ತಿಳಿಸುತ್ತದೆ? ಕಥೆ ಯಾವ ಬಗೆಯದು, ಹಾಸ್ಯವೋ ಕರುಣವೋ ರೌದ್ರವೋ, ತಿಳಿಸುವುದಿಲ್ಲ. ಮಾತು ಮಂಡ್ಯದ ಕನ್ನಡವೋ ಉಡುಪಿಯ ಕನ್ನಡವೋ ಧಾರವಾಡದ ಕನ್ನಡವೋ, ದುರ್ಗದ ಸೀಮೆಯ ಕಿವಿಗೆ ಅದು ತಿಳಿದೀತೋ, ತಿಳಿಸುವುದಿಲ್ಲ. ರಕ್ತಪಾತ ಎಷ್ಟಿದೆ, ಕಾಲಾವಧಿ ಎಷ್ಟು, ನಡೆ ನಿಧಾನವೋ ಚುರುಕೋ, ಮಕ್ಕಳನ್ನು ಕರೆದೊಯ್ಯಬಹುದೋ ಇಲ್ಲವೋ, ಇದಾವುದನ್ನೂ ತಿಳಿಸುವುದಿಲ್ಲ. ಸರ್ಕಾರದ ಪ್ರಮಾಣಪತ್ರವಾದರೂ ತನ್ನ ಮಿತಿಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದು. 1952ರ ಚಲಚ್ಚಿತ್ರ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾದ ಮೇಲೆ, ತಂದೆತಾಯಿಗಳ ವಿವೇಚನೆಗೆ ಬಿಟ್ಟ ಚಿತ್ರಗಳನ್ನು ಏಳು, ಹದಿಮೂರು, ಹದಿನಾರು ಎಂಬ ಮೂರು ವಯೋಮಾನಗಳಾಗಿ ವಿಂಗಡಿಸಲಾಗಿದೆ. ಆ ಗುರುತು ಚಿತ್ರ ಒಳ್ಳೆಯದೆಂದೂ ಹೇಳುವುದಿಲ್ಲ, ಕೆಟ್ಟದೆಂದೂ ಹೇಳುವುದಿಲ್ಲ. ಯಾರಿಗೆ ತಕ್ಕದ್ದು ಎಂಬುದೊಂದನ್ನು ಹೇಳಿ ಸುಮ್ಮನಾಗುತ್ತದೆ. ನಕ್ಷತ್ರವಾದರೋ ಎಲ್ಲವನ್ನೂ ಹೇಳಿದಂತೆ ನಟಿಸಿ ಯಾವುದನ್ನೂ ಹೇಳದೆ ಹೋಗುತ್ತದೆ.

ಗುಣಪರೀಕ್ಷೆ ಎಂದರೇನು ಎಂಬುದನ್ನು ಈ ಸೀಮೆಯ ಜನಕ್ಕೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಮೊಳಕಾಲ್ಮೂರಿನ ಸೀರೆಯನ್ನು ಕೊಳ್ಳುವ ಹೆಂಗಸು ಅದಕ್ಕೆ ಹತ್ತರಲ್ಲಿ ಎಷ್ಟು ಎಂದು ಕೇಳುವುದಿಲ್ಲ. ಸೆರಗನ್ನು ಬಿಡಿಸಿ ನೋಡುತ್ತಾಳೆ; ಅಂಚನ್ನು ಬೆರಳಿನಲ್ಲಿ ಹಿಡಿದು ನೋಡುತ್ತಾಳೆ; ಮಗ್ಗುಲು ತಿರುಗಿಸಿ ಹಿಂಬದಿಯ ನೇಯ್ಗೆಯನ್ನು ಪರೀಕ್ಷಿಸುತ್ತಾಳೆ; ಕಡೆಗೆ, ಮದುವೆಗೋ ಹಬ್ಬಕ್ಕೋ, ಮಗಳಿಗೋ ಸೊಸೆಗೋ ಎಂದು ಯೋಚಿಸಿ ತೀರ್ಮಾನಿಸುತ್ತಾಳೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಪೇಟೆಯಲ್ಲಿ ಶೇಂಗಾ ಕೊಳ್ಳುವವನೂ ಹಿಡಿ ಕಾಯನ್ನು ಒಡೆದು ಬೀಜವನ್ನು ಕಣ್ಣಾರೆ ನೋಡಿಯೇ ಬೆಲೆ ಕಟ್ಟುತ್ತಾನೆ. ಬೆಲೆ ಎಂಬ ಸಂಖ್ಯೆ ಅಲ್ಲಿಯೂ ಉಂಟು. ಆದರೆ ಅದು ಪರೀಕ್ಷೆಯ ಅನಂತರ ಬರುತ್ತದೆ, ಪರೀಕ್ಷೆಯ ಬದಲಾಗಿ ಬರುವುದಿಲ್ಲ. ಸೀರೆಗೂ ಶೇಂಗಾಕ್ಕೂ ಸಲ್ಲುವ ಈ ಮರ್ಯಾದೆ ಕಲೆಗೆ ಸಲ್ಲಬಾರದೆ?

ನಕ್ಷತ್ರ ಹಾಕುವ ಪದ್ಧತಿಯ ವಂಶಾವಳಿಯನ್ನು ನೋಡಿದರೆ ಅದರ ಯೋಗ್ಯತೆ ಇನ್ನೂ ವಿಶದವಾಗುತ್ತದೆ. ಫ್ರಾನ್ಸ್ ದೇಶದ ಮಿಷೆಲಿನ್ ಎಂಬ ಟೈರು ತಯಾರಕರು ಪ್ರವಾಸಿಗಳಿಗಾಗಿ ಪ್ರಕಟಿಸುತ್ತಿದ್ದ ಕೈಪಿಡಿಯಲ್ಲಿ ಒಳ್ಳೆಯ ಊಟದ ಮನೆಗಳಿಗೆ 1926ರಲ್ಲಿ ನಕ್ಷತ್ರದ ಗುರುತನ್ನು ಕೊಟ್ಟರು. 1931ರಲ್ಲಿ ಅದನ್ನು ಮೂರರವರೆಗೆ ಏರಿಸಿದರು. ಅಲ್ಲಿ ಪ್ರತಿಯೊಂದು ನಕ್ಷತ್ರಕ್ಕೂ ಅರ್ಥವನ್ನು ಗೊತ್ತುಪಡಿಸಿದರು: ಎರಡೆಂದರೆ ದಾರಿ ಬಳಸಿಯಾದರೂ ಹೋಗಬಹುದಾದದ್ದು, ಮೂರೆಂದರೆ ಅದಕ್ಕಾಗಿಯೇ ಪ್ರಯಾಣ ಮಾಡಬಹುದಾದದ್ದು. ಚಲಚ್ಚಿತ್ರಗಳಿಗೆ ಈ ಗುರುತನ್ನು ತಂದವರು ನ್ಯೂಯಾರ್ಕಿನ ‘ಡೈಲಿ ನ್ಯೂಸ್’ ಪತ್ರಿಕೆಯ ಐರೀನ್ ಥೈರರ್ ಎಂಬ ಮಹಿಳೆ, ವರ್ಷ 1928. ಅವಸರದ ನಗರದ ಅವಸರದ ಓದುಗರಿಗಾಗಿ ಹುಟ್ಟಿದ ಆ ಗುರುತಿನ ಜೊತೆಯಲ್ಲಿ ಬರೆದವರ ಹೆಸರಿತ್ತು, ಕೆಳಗೆ ನಾಲ್ಕು ಸಾಲಿನ ಮಾತಿತ್ತು. ಈಗ ಮಾತು ಉದುರಿ ಗುರುತು ಮಾತ್ರ ಉಳಿದಿದೆ. ಹಣ್ಣು ಬಿದ್ದುಹೋಗಿ ತೊಟ್ಟು ಕೊಂಬೆಯಲ್ಲಿ ನಿಂತ ಹಾಗೆ ಆಯಿತು.

ಗಣಿತದ ಹೆಸರಿನಲ್ಲಿ ನಡೆಯುವ ಅನ್ಯಾಯವನ್ನೂ ಇಲ್ಲಿ ಬಿಡಿಸಿ ಹೇಳಬೇಕು. ನೂರು ಮಂದಿ ಚಿತ್ರವೊಂದನ್ನು ನೋಡಿದರೆಂದು ಇಟ್ಟುಕೊಳ್ಳೋಣ. ಐವತ್ತು ಮಂದಿ ಮನಸಾರೆ ಮೆಚ್ಚಿ ಹತ್ತಕ್ಕೆ ಹತ್ತು ಕೊಟ್ಟರು. ಐವತ್ತು ಮಂದಿ ಸಿಟ್ಟಿನಿಂದ ಒಂದು ಕೊಟ್ಟರು. ಸರಾಸರಿ ಐದೂವರೆ. ಇನ್ನೊಂದು ಚಿತ್ರವನ್ನು ಯಾರೂ ಮೆಚ್ಚಲಿಲ್ಲ, ಯಾರೂ ಜರೆಯಲಿಲ್ಲ. ಆಕಳಿಸುತ್ತ ಅರ್ಧ ಮಂದಿ ಐದನ್ನೂ ಅರ್ಧ ಮಂದಿ ಆರನ್ನೂ ಕೊಟ್ಟರು. ಅದರ ಸರಾಸರಿಯೂ ಐದೂವರೆ. ಊರನ್ನೇ ಎರಡು ಪಕ್ಷ ಮಾಡಿದ ಜೀವಂತ ಕೃತಿಯೂ, ಯಾರ ಮನಸ್ಸನ್ನೂ ತಟ್ಟದ ನಿರ್ಜೀವ ಕೃತಿಯೂ ಅಂಕದ ಕಣ್ಣಿಗೆ ಒಂದೇ. ‘ರಾಟನ್ ಟೊಮೇಟೋಸ್’ ಎಂಬ ಅಮೆರಿಕದ ಪ್ರಖ್ಯಾತ ಮಾಪಕದ ಶೇಕಡಾವಾರು ಇನ್ನೊಂದು ಬಗೆಯ ಮಾಯೆ. ಅದು ಚಿತ್ರದ ಗುಣವನ್ನು ಅಳೆಯುವುದಲ್ಲ. ವಿಮರ್ಶಕರಲ್ಲಿ ಎಷ್ಟು ಮಂದಿ ‘ಪರವಾಗಿಲ್ಲ’ ಎಂಬ ಗೆರೆಯನ್ನು ದಾಟಿಸಿದರೆಂಬ ತಲೆಯೆಣಿಕೆ ಅದು. ಎಲ್ಲರೂ ‘ಒಮ್ಮೆ ನೋಡಬಹುದು’ ಎಂದಷ್ಟೇ ಹೇಳಿದ ಚಿತ್ರಕ್ಕೆ ನೂರಕ್ಕೆ ನೂರು ಬಂದರೂ ಬಂದೀತು. ಐ.ಎಂ.ಡಿ.ಬಿ. ಎಂಬ ಮತ್ತೊಂದು ಮಾಪಕವಂತೂ ಎಲ್ಲ ಮತಗಳನ್ನೂ ಸಮನಾಗಿ ತೂಗುವುದಿಲ್ಲವೆಂದೂ, ತೂಗುವ ವಿಧಾನವನ್ನು ಪೂರ್ತಿಯಾಗಿ ಹೊರಗೆಡಹುವುದಿಲ್ಲವೆಂದೂ ತಾನೇ ಹೇಳಿಕೊಂಡಿದೆ. ತಕ್ಕಡಿಯನ್ನು ಮರೆಯಲ್ಲಿಟ್ಟು ತೂಕವನ್ನು ಮಾತ್ರ ಕೂಗುವ ವರ್ತಕನನ್ನು ಸಂತೆಯಲ್ಲಿ ಯಾರೂ ನಂಬುವುದಿಲ್ಲ. ಇಲ್ಲಿ ಮಾತ್ರ ಎಲ್ಲರೂ ನಂಬುತ್ತಾರೆ.

ಪ್ರೇಕ್ಷಕರೆಲ್ಲರ ರುಚಿ ಒಂದಲ್ಲ ಎಂಬ ಸತ್ಯವನ್ನು ಭಾರತೀಯ ನಾಟ್ಯಪರಂಪರೆ ಬಹು ಹಿಂದೆಯೇ ಕಂಡುಕೊಂಡಿತ್ತು. ಭರತನ ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ಕುರಿತ ಅಧ್ಯಾಯವೊಂದುಂಟು. ತರುಣರಿಗೆ ಶೃಂಗಾರ, ಶೂರರಿಗೆ ರೌದ್ರ ಮತ್ತು ಯುದ್ಧ, ವೃದ್ಧರಿಗೆ ಧರ್ಮಕಥೆ ಮತ್ತು ಪುರಾಣ, ಹೀಗೆ ಒಬ್ಬೊಬ್ಬರ ಸಂತೋಷ ಒಂದೊಂದರಲ್ಲಿ ಎಂದು ಅಲ್ಲಿ ಹೇಳಿದೆ. ಪ್ರಯೋಗವನ್ನು ಪರೀಕ್ಷಿಸುವ ಪ್ರಾಶ್ನಿಕರೂ ಒಬ್ಬರಲ್ಲ: ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ತಿಳಿದವನು, ಶಬ್ದಶಾಸ್ತ್ರಜ್ಞ, ಬಿಲ್ಗಾರ, ಚಿತ್ರಕಾರ, ಗಾಯಕ ಮೊದಲಾದ ಹಲವರು. ತೆರೆಯ ಮೇಲೆ ಬಾಣ ಬಿಡುವ ಪ್ರಸಂಗ ಬಂದಾಗ ಬಿಲ್ಗಾರನ ಮಾತು ಪ್ರಮಾಣ. ಹಾಡು ಬಂದಾಗ ಗಾಯಕನದು. ಗುಣದೋಷಗಳನ್ನು ಎಣಿಸಿ ಬರೆದಿಡುವುದಕ್ಕೆ ಅಲ್ಲಿಯೂ ಅವಕಾಶವಿತ್ತು ಎಂದು ನಕ್ಷತ್ರವಾದಿಗಳು ವಾದಿಸಬಹುದು. ನಿಜ. ಆದರೆ ಎಣಿಸಿದ್ದು ಯಾವ ದೋಷ, ಎಣಿಸಿದವನು ಯಾವ ವಿದ್ಯೆಯನ್ನು ಬಲ್ಲವನು ಎಂಬುದು ಅಲ್ಲಿ ಅಡಗಿಹೋಗುತ್ತಿರಲಿಲ್ಲ. ಕನ್ನಡದ ಆದ್ಯಗ್ರಂಥವೆನಿಸಿದ ಕವಿರಾಜಮಾರ್ಗವು ಕಾವ್ಯದೋಷಗಳನ್ನು ಹೇಳುವಾಗಲೂ ಲಕ್ಷಣವನ್ನು ಕೊಟ್ಟು ಅದರೊಂದಿಗೆ ಉದಾಹರಣೆಯನ್ನೂ ಕೊಡುತ್ತದೆ. ದೋಷವನ್ನು ತೋರಿಸದೆ ದೋಷಿಯೆನ್ನುವುದು ಈ ನಾಡಿನ ವಿಮರ್ಶಾಧರ್ಮವಲ್ಲ.

ಹಾಗೆಂದ ಮಾತ್ರಕ್ಕೆ ಉದ್ದವಾಗಿ ಬರೆದದ್ದೆಲ್ಲ ವಿಮರ್ಶೆ, ಚಿಕ್ಕದಾಗಿ ಹೇಳಿದ್ದೆಲ್ಲ ಹುಸಿ ಎಂದಲ್ಲ. ಸಂಕ್ಷೇಪವು ಅಪರಾಧವಲ್ಲ, ಶೂನ್ಯತೆ ಅಪರಾಧ. ಇದಕ್ಕೆ ಇದೇ ಜಿಲ್ಲೆಯ ನಿದರ್ಶನವೊಂದಿದೆ. ಚಳ್ಳಕೆರೆ ತಾಲ್ಲೂಕಿನ ತಳುಕು ಎಂಬ ಊರನ್ನು ತಮ್ಮ ಹೆಸರಿನ ಮೊದಲಲ್ಲಿ ಹೊತ್ತ ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಚಿತ್ರವನ್ನು ನಿರ್ದೇಶಿಸಿದ ಕಥೆ ಎಲ್ಲರಿಗೂ ತಿಳಿದದ್ದು. ಚಿತ್ರದುರ್ಗದ ಕೋಟೆಯ ಬಂಡೆಗಳ ನಡುವೆ ನಡೆದ ಆ ಚಿತ್ರವನ್ನು ನಾಡು ತಲೆಯ ಮೇಲೆ ಹೊತ್ತು ಮೆರೆಸಿತು. ವಿಷ್ಣುವರ್ಧನ್, ಅಂಬರೀಶ್ ಎಂಬ ಇಬ್ಬರು ನಟರನ್ನು ಅದು ಜನಕ್ಕೆ ಪರಿಚಯಿಸಿತು. ಮೂಲ ಲೇಖಕರಿಗೆ ಮಾತ್ರ ತೃಪ್ತಿಯಾಗಲಿಲ್ಲ. ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂಬ ಅರ್ಥದ ಅವರ ಮಾತು ಇಂದಿಗೂ ಜನರ ಬಾಯಲ್ಲಿದೆ.

ಆ ಒಂದು ಪದದ ಶಕ್ತಿಯನ್ನು ಗಮನಿಸಬೇಕು. ಕೇರೆಹಾವು ನೋಡುವುದಕ್ಕೆ ಉದ್ದ, ಓಟದಲ್ಲಿ ಚುರುಕು, ಆದರೆ ವಿಷವಿಲ್ಲ. ಕಾದಂಬರಿಯ ರಾಮಾಚಾರಿಯ ಸ್ವಭಾವದಲ್ಲಿದ್ದ ವಿಷವನ್ನು, ಅರ್ಥಾತ್ ಅವನ ಮನಸ್ಸಿನ ಕಹಿಯನ್ನೂ ಒರಟನ್ನೂ, ಚಿತ್ರ ತೆಗೆದುಹಾಕಿತೆಂಬ ಸಂಪೂರ್ಣ ಆಕ್ಷೇಪಣೆ ಆ ಒಂದೇ ಪದದಲ್ಲಿ ಅಡಕವಾಗಿದೆ. ಅದನ್ನು ಒಪ್ಪಬಹುದು, ಒಪ್ಪದಿರಬಹುದು. ಕಾದಂಬರಿಯ ವಿಷವನ್ನು ಕಳೆದರೂ ಚಾಮಯ್ಯ ಮೇಷ್ಟ್ರ ವಾತ್ಸಲ್ಯದಿಂದ ಚಿತ್ರಕ್ಕೆ ಬೇರೊಂದು ಸಾರ ಬಂತೆಂದು ಪುಟ್ಟಣ್ಣನವರ ಪರವಾಗಿ ವಾದಿಸಬಹುದು. ಹೀಗೆ ವಾದಕ್ಕೆ ಎಡೆಕೊಡುವುದೇ ನಿಜವಾದ ಅಭಿಪ್ರಾಯದ ಲಕ್ಷಣ. ಸುಬ್ಬರಾಯರು ಆ ಮಾತಿನ ಬದಲು ‘ಐದಕ್ಕೆ ಎರಡು’ ಎಂದಿದ್ದರೆ ಅದನ್ನು ಇಂದು ಯಾರು ನೆನೆಯುತ್ತಿದ್ದರು? ನೆನೆದರೂ ಅದಕ್ಕೆ ಉತ್ತರ ಹೇಳುವುದು ಹೇಗೆ ಸಾಧ್ಯವಾಗುತ್ತಿತ್ತು? ಅಂಕದೊಡನೆ ಜಗಳವಾಡಬಹುದು, ವಾದಿಸಲಾಗದು.

ಇದೇ ಸುಬ್ಬರಾಯರ ಇನ್ನೊಂದು ಕಾದಂಬರಿಯಿಂದ ಜಿ. ವಿ. ಅಯ್ಯರ್ ಅವರು 1975ರಲ್ಲಿ ‘ಹಂಸಗೀತೆ’ಯನ್ನು ಮಾಡಿದರು. ಅದೂ ದುರ್ಗದ ಸೀಮೆಯ ಕಥೆಯೇ. ಆದರೆ ಅದರ ಜೀವಾಳ ಸಂಗೀತ. ಅದರ ಹಾಡುಗಾರಿಕೆಗಾಗಿ ಎಂ. ಬಾಲಮುರಳೀಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಎರಡು ಚಿತ್ರಗಳೂ ಒಬ್ಬನೇ ಲೇಖಕನ ಬೀಜದಿಂದ ಮೊಳೆತವು, ಒಂದೇ ಕೋಟೆಯ ನೆರಳಿನವು. ಎರಡಕ್ಕೂ ನಾಲ್ಕು ನಾಲ್ಕು ನಕ್ಷತ್ರ ಹಾಕಿದರೆ ಅವುಗಳ ನಡುವಣ ಭೇದವೆಲ್ಲ ಅಳಿಸಿಹೋಗುತ್ತದೆ. ಹಬ್ಬದ ದಿನ ಮಕ್ಕಳು ಮರಿಗಳೊಡನೆ ಹೋಗುವವನು ಯಾವುದಕ್ಕೆ ಹೋಗಬೇಕು, ರಾಗದಲ್ಲಿ ಮನಸ್ಸಿಟ್ಟವನು ಯಾವುದಕ್ಕೆ ಹೋಗಬೇಕು ಎಂಬ ಪ್ರಶ್ನೆಗೆ ನಾಲ್ಕೆಂಬ ಸಂಖ್ಯೆ ಏನು ಉತ್ತರ ಕೊಟ್ಟೀತು?

ಇಲ್ಲಿಯವರೆಗೆ ಹೇಳಿದ್ದು ಅಂಕದ ನಿರುಪಯೋಗವನ್ನು. ಅದರ ಕೇಡು ಇನ್ನೂ ದೊಡ್ಡದು. ಕನ್ನಡದಲ್ಲಿ ಈಚಿನ ವರ್ಷಗಳಲ್ಲಿ ವರ್ಷವೊಂದಕ್ಕೆ ಇನ್ನೂರರ ಸುಮಾರು ಚಿತ್ರಗಳು ಬಿಡುಗಡೆಯಾಗುತ್ತಿವೆ. ಹೆಸರಾಂತ ನಟರಿಲ್ಲದ ಚಿತ್ರಕ್ಕೆ ಶುಕ್ರವಾರ, ಶನಿವಾರ, ಭಾನುವಾರ ಎಂಬ ಮೂರು ದಿನಗಳೇ ಆಯುಸ್ಸು. ಆ ಮೂರು ದಿನಗಳಲ್ಲಿ ರಾಜಧಾನಿಯ ಮಾಲುಗಳಲ್ಲಿ ಅದನ್ನು ನೋಡಿದ ಕೆಲವರ ಅಂಕವೇ ಅದರ ಹಣೆಬರಹ. ಸೋಮವಾರದ ಹೊತ್ತಿಗೆ ಪ್ರದರ್ಶನಗಳು ಕಡಮೆಯಾಗುತ್ತವೆ. ಮುಂದಿನ ಶುಕ್ರವಾರ ಹೊಸ ಚಿತ್ರ ಬಂದು ಜಾಗ ಹಿಡಿಯುತ್ತದೆ. ಗಡಿಸೀಮೆಯ ಚಿತ್ರಮಂದಿರಗಳಲ್ಲಿ ಆ ಜಾಗಕ್ಕೆ ತೆಲುಗಿನ ದೊಡ್ಡ ಚಿತ್ರಗಳ ಪೈಪೋಟಿ ಬೇರೆ. ದೇವಸಮುದ್ರದ ಪ್ರೇಕ್ಷಕನು ವಾರದ ಕೆಲಸ ಮುಗಿಸಿ, ಅವರಿವರನ್ನು ಕೇಳಿ, ಎರಡನೆಯ ಭಾನುವಾರ ಹೊರಡೋಣವೆಂದು ಎಣಿಸುವಷ್ಟರಲ್ಲಿ ಆ ಚಿತ್ರ ಚಳ್ಳಕೆರೆಯನ್ನು ಬಿಟ್ಟಿರುತ್ತದೆ, ಇಲ್ಲವೆ ಚಳ್ಳಕೆರೆಗೆ ಬಂದೇ ಇರುವುದಿಲ್ಲ. ಅವನು ನೋಡದ, ಅವನನ್ನು ಕೇಳದ, ಅವನ ರುಚಿಯನ್ನರಿಯದ ಕೆಲವರು ಅವನ ಪರವಾಗಿ ಆಯ್ಕೆ ಮಾಡಿ ಮುಗಿಸಿದ್ದಾರೆ. ಆಯ್ಕೆಗೆ ನೆರವಾಗಲೆಂದು ಹುಟ್ಟಿದ ಅಂಕವು ಆಯ್ಕೆಯನ್ನೇ ಕಸಿದುಕೊಂಡಿದೆ. ಈ ಸಂಗತಿಯಲ್ಲಿರುವ ನಿಜವಾದ ಅನ್ಯಾಯ ಇದೇ.

ಟೂರಿಂಗ್ ಟಾಕೀಸುಗಳ ಕಾಲದಲ್ಲಿ ಹೀಗಿರಲಿಲ್ಲ. ಬಯಲುಸೀಮೆಯ ಹಳ್ಳಿಗಳ ಹೊರಗೆ ಡೇರೆ ಹಾಕಿದ ಟಾಕೀಸಿಗೆ ಚಿತ್ರಗಳು ತಡವಾಗಿ ಬರುತ್ತಿದ್ದವು. ರೀಲುಗಳು ಸವೆದು ಗೀರು ಬಿದ್ದಿರುತ್ತಿದ್ದವು. ಆದರೂ ಮೊದಲ ದಿನ ನೋಡಿ ಬಂದವನು ಕಟ್ಟೆಯ ಮೇಲೆ ಕುಳಿತು ಕಥೆಯ ಪೂರ್ವಾರ್ಧವನ್ನು ಹೇಳಿ, ಉತ್ತರಾರ್ಧವನ್ನು ನುಂಗಿಕೊಂಡು, ‘ಹೆಂಗಸರು ಕಣ್ಣೊರೆಸಿಕೊಳ್ಳದೆ ಬರುವುದಿಲ್ಲ’ ಎಂದೋ ‘ಹೊಡೆದಾಟವೇ ಹೆಚ್ಚು’ ಎಂದೋ ಹೇಳುತ್ತಿದ್ದ. ಹೇಳಿದವನಾರೆಂದು ಎಲ್ಲರಿಗೂ ಗೊತ್ತು. ಅವನ ರುಚಿ ಎಂತಹದೆಂದೂ ಗೊತ್ತು. ಆದುದರಿಂದ ಅವನು ‘ಚೆನ್ನಾಗಿದೆ’ ಎಂದದ್ದನ್ನು ಒಬ್ಬರು ಹೋಗುವುದಕ್ಕೆ ಕಾರಣವಾಗಿಯೂ, ಇನ್ನೊಬ್ಬರು ಹೋಗದಿರುವುದಕ್ಕೆ ಕಾರಣವಾಗಿಯೂ ಉಪಯೋಗಿಸಿಕೊಳ್ಳುತ್ತಿದ್ದರು. ಪರಿಚಿತನ ಬಾಯಿಂದ ಬಂದ ಅಭಿಪ್ರಾಯಕ್ಕೆ ಇರುವ ಈ ಉಪಯುಕ್ತತೆ ಅಪರಿಚಿತನ ಅಂಕಕ್ಕೆ ಎಂದಿಗೂ ಬಾರದು.

ನಕ್ಷತ್ರದ ಪಕ್ಷದವರು ಎರಡು ವಾದಗಳನ್ನು ಹೂಡುತ್ತಾರೆ. ಜನಕ್ಕೆ ಓದಲು ವ್ಯವಧಾನವಿಲ್ಲ ಎಂಬುದು ಮೊದಲನೆಯದು. ಮೂರು ಗಂಟೆಯ ಚಿತ್ರಕ್ಕೂ ಒಂದು ದಿನದ ಪ್ರಯಾಣಕ್ಕೂ ಇರುವ ವ್ಯವಧಾನ ಐದು ಸಾಲು ಓದುವುದಕ್ಕೆ ಇಲ್ಲವೆಂದರೆ ನಂಬುವುದು ಕಷ್ಟ. ಸಾವಿರ ಜನರ ಮತ ಒಬ್ಬ ಪಂಡಿತನ ಮಾತಿಗಿಂತ ಮೇಲು, ಅಂಕವು ಪ್ರಜಾಪ್ರಭುತ್ವ ಎಂಬುದು ಎರಡನೆಯದು. ಪ್ರಜಾಪ್ರಭುತ್ವದಲ್ಲಿ ಒಬ್ಬನಿಗೆ ಒಂದೇ ಮತ. ಮತ ಹಾಕುವವನ ಗುರುತನ್ನು ಪರೀಕ್ಷಿಸುತ್ತಾರೆ. ಇಲ್ಲಾದರೋ ಚಿತ್ರ ನೋಡದವನೂ ಅಂಕ ಹಾಕಲು ದಾರಿಯುಂಟು. ಅಭಿಮಾನಿಗಳು ಗುಂಪುಗೂಡಿ ತಮ್ಮ ನಟನಿಗೆ ಹತ್ತನ್ನೂ ಎದುರಾಳಿಗೆ ಒಂದನ್ನೂ ಹಾಕುವುದು ಗುಟ್ಟಲ್ಲ. ಇದು ಮತದಾನವಲ್ಲ, ಕಲ್ಲು ತೂರಾಟ.

ಈ ತೂರಾಟದಿಂದ ನೊಂದವರು ನ್ಯಾಯಾಲಯದ ಬಾಗಿಲನ್ನು ತಟ್ಟಿದ್ದಾರೆ. ಕೇರಳದ ಉಚ್ಚ ನ್ಯಾಯಾಲಯದ ಮುಂದೆ 2023ರಲ್ಲಿ ಈ ವಿಷಯ ಬಂದು, ನ್ಯಾಯಾಲಯಕ್ಕೆ ನೆರವಾಗಲು ನೇಮಕಗೊಂಡ ವಕೀಲರು 2024ರ ಮಾರ್ಚಿಯಲ್ಲಿ ಸಲ್ಲಿಸಿದ ವರದಿಯಲ್ಲಿ ಬಿಡುಗಡೆಯಾದ ಮೊದಲ 48 ಗಂಟೆಗಳ ಕಾಲ ವಿಮರ್ಶಕರು ತಡೆದುಕೊಳ್ಳುವುದು ಲೇಸೆಂದು ಸೂಚಿಸಿದರು. ತಮಿಳು ನಿರ್ಮಾಪಕರ ಸಂಘವೊಂದು ಮೊದಲ ಮೂರು ದಿನ ವಿಮರ್ಶೆಯನ್ನೇ ನಿಷೇಧಿಸಬೇಕೆಂದು ಕೇಳಿದಾಗ, ಮದರಾಸಿನ ಉಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ಅಭಿಪ್ರಾಯಸ್ವಾತಂತ್ರ್ಯವನ್ನು ಮುಂದಿಟ್ಟು ಮಧ್ಯಂತರ ಆಜ್ಞೆಯನ್ನು ನಿರಾಕರಿಸಿತು. ಕನ್ನಡದಲ್ಲಿಯೇ 2025ರ ಡಿಸೆಂಬರಿನಲ್ಲಿ ತೆರೆಕಂಡ ‘ದಿ ಡೆವಿಲ್’ ಚಿತ್ರದ ವಿಷಯದಲ್ಲಿ ಬೆಂಗಳೂರಿನ ನ್ಯಾಯಾಲಯದ ಆದೇಶದಂತೆ ‘ಬುಕ್‌ಮೈಷೋ’ ಎಂಬ ಟಿಕೆಟು ಮಾರಾಟದ ವ್ಯವಸ್ಥೆಯಲ್ಲಿ ಅಂಕವನ್ನೂ ಅಭಿಪ್ರಾಯವನ್ನೂ ಎರಡನ್ನೂ ಮುಚ್ಚಲಾಯಿತು.

ನೊಂದವರ ಸಂಕಟ ನಿಜ. ಆದರೆ ಅವರು ಹುಡುಕಿದ ಔಷಧ ರೋಗದಷ್ಟೇ ಕೆಟ್ಟದು. ಬಾಯಿಗೆ ಬೀಗ ಹಾಕಿದರೆ ಸುಳ್ಳಿನ ಜೊತೆಗೆ ಸತ್ಯವೂ ಒಳಗೇ ಉಳಿಯುತ್ತದೆ. ದುಡ್ಡು ಕೊಟ್ಟು ನೋಡಿದವನು ‘ಹಿಡಿಸಲಿಲ್ಲ’ ಎನ್ನುವ ಹಕ್ಕನ್ನು ಕಳೆದುಕೊಳ್ಳಬಾರದು. ಮೂರು ದಿನ ಎಲ್ಲರೂ ಮೌನವಾಗಿದ್ದರೆ ಜಾಹೀರಾತು ಮಾತ್ರ ಮಾತನಾಡುತ್ತದೆ. ದೊಡ್ಡ ಬಂಡವಾಳದವನಿಗೆ ಅದರಿಂದ ಲಾಭ, ಒಳ್ಳೆಯ ಮಾತೊಂದನ್ನೇ ನಂಬಿಕೊಂಡ ಸಣ್ಣ ಚಿತ್ರಕ್ಕೆ ಅದೇ ಮೃತ್ಯು. ಆದುದರಿಂದ ಬೇಕಾದದ್ದು ನಿಷೇಧವಲ್ಲ, ಹೊಣೆಗಾರಿಕೆ, ಮೌನವಲ್ಲ, ಕಾರಣ.

ಹೊಣೆಗಾರಿಕೆಯ ಪಾಠಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳಿಗಿಂತ ಹಳೆಯ ಗುರು ಈ ನಾಡಿನಲ್ಲಿ ದೊರೆಯುವುದು ಕಷ್ಟ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬರಹ ಚಕ್ರವರ್ತಿಯದು. ಆದರೂ ಅದನ್ನು ಬರೆದ ಲಿಪಿಕಾರ ಚಪಡನು ಕೊನೆಯಲ್ಲಿ ತನ್ನ ಹೆಸರನ್ನು ಹಾಕಿ, ‘ಲಿಪಿಕಾರ’ನೆಂಬ ಪದವನ್ನು ದೂರದ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಬರೆಯುವವನು ತಾನು ಯಾರು, ತನ್ನ ವಿದ್ಯೆ ಯಾವ ಕಡೆಯದು ಎಂಬುದನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಬಂಡೆಯ ಮೇಲೆ ಸಾರಿದನು. ಇಂದು ಇನ್ನೊಬ್ಬರ ವರ್ಷಗಳ ದುಡಿಮೆಗೆ ತೀರ್ಪು ಕೊಡುವವನು ತನ್ನ ಹೆಸರನ್ನು ಹೇಳಲು ಹಿಂಜರಿಯುತ್ತಾನೆ.

ಖಂಡನೆ ಮಾತ್ರದಿಂದ ಪ್ರಯೋಜನವಿಲ್ಲ, ಮಂಡನೆಯೂ ಬೇಕು. ಚಿತ್ರವನ್ನು ಕುರಿತ ಚಿಕ್ಕ ಅಭಿಪ್ರಾಯದಲ್ಲಿ ಇಷ್ಟಿದ್ದರೆ ಸಾಕು: ಕಥೆಯ ಬಗೆ, ಅಂತ್ಯವನ್ನು ಬಿಟ್ಟು, ಮಾತಿನ ಬಗೆ, ಯಾವ ಸೀಮೆಯ ಕನ್ನಡವೆಂದು, ಕಾಲಾವಧಿ ಮತ್ತು ನಡೆ, ಮೆಚ್ಚಿದ್ದೊಂದು, ಕಾರಣದೊಡನೆ, ಮೆಚ್ಚದ್ದೊಂದು, ಕಾರಣದೊಡನೆ, ಯಾರಿಗೆ ತಕ್ಕದ್ದು, ಕಡೆಗೆ, ಬರೆದವರ ಹೆಸರು, ನೋಡಿದ ಊರು, ಟಿಕೆಟು ಕೊಂಡದ್ದೋ ಬಿಟ್ಟಿ ದೊರೆತದ್ದೋ ಎಂಬ ಸಂಗತಿ. ಐವತ್ತು ಪದಗಳಲ್ಲಿ ಇದೆಲ್ಲ ಸಾಧ್ಯವೇ ಎಂದು ಸಂಶಯಪಡುವವರಿಗಾಗಿ ಮಾದರಿಗಳಿವೆ.

‘ನಾಗರಹಾವು’: ಕೋಪವನ್ನು ಗೆಲ್ಲಲಾರದ ಯುವಕನ ಕಥೆ, ದುರ್ಗದ ಕೋಟೆಯೇ ರಂಗಸ್ಥಳ. ಸುಮಾರು ಮೂರು ಗಂಟೆ. ಗುರುಶಿಷ್ಯರ ಸಂಬಂಧವೂ ಓಬವ್ವನ ಪ್ರಸಂಗವೂ ಮನಸ್ಸಿನಲ್ಲಿ ನಿಲ್ಲುವಂತಹವು. ಕಾದಂಬರಿಯನ್ನು ಓದಿದವರಿಗೆ ನಾಯಕ ಮೆತ್ತಗಾದನೆಂದು ತೋರೀತು. ಅಂತ್ಯ ದಾರುಣ, ಎಳೆಯ ಮಕ್ಕಳಿಗೆ ಮೊದಲೇ ತಿಳಿಹೇಳುವುದು ಒಳಿತು.

‘ಹಂಸಗೀತೆ’: ಪೂರ್ಣತೆಯನ್ನು ಅರಸುವ ಗಾಯಕನ ಕಥೆ. ನಡೆ ನಿಧಾನ, ಹಾಡು ಕಥೆಗೆ ಅಲಂಕಾರವಲ್ಲ, ಹಾಡೇ ಕಥೆ. ಸಂಗೀತದಲ್ಲಿ ಆಸ್ಥೆಯಿಲ್ಲದವರಿಗೆ ದೀರ್ಘವೆನಿಸುವುದು ಖಂಡಿತ. ಇರುವವರು ಏಕಾಂತದಲ್ಲಿ ನೋಡತಕ್ಕದ್ದು.

‘ತಿಥಿ’: ರಾಮ್ ರೆಡ್ಡಿಯವರ ನಿರ್ದೇಶನ, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಪಡೆಯಿತು. ನೂರ ಒಂದು ವರ್ಷದ ಮುದುಕನ ಸಾವಿನಿಂದ ತಿಥಿಯವರೆಗಿನ ಹನ್ನೊಂದು ದಿನ, ಮೂರು ತಲೆಮಾರು. ನಟರೆಲ್ಲ ಹಳ್ಳಿಯವರೇ, ಮಾತು ಮಂಡ್ಯದ ಗ್ರಾಮ್ಯ. ಬೈಗುಳಕ್ಕೆ ಬೇಸರಪಡುವವರಿಗೆ ತಕ್ಕದ್ದಲ್ಲ. ಹಳ್ಳಿಯನ್ನು ಹಾಡಿ ಹೊಗಳದೆ ಇದ್ದಂತೆ ತೋರಿಸುವುದನ್ನು ಬಯಸುವವರಿಗೆ ತಕ್ಕದ್ದು.

‘ಉಳಿದವರು ಕಂಡಂತೆ’: 2014; ರಕ್ಷಿತ್ ಶೆಟ್ಟಿಯವರದು. ಒಂದೇ ಘಟನೆಯನ್ನು ಹಲವರು ಹಲವು ಬಗೆಯಾಗಿ ಕಂಡ ಕಥೆ. ಕರಾವಳಿಯ ಕನ್ನಡ ಬಯಲುಸೀಮೆಯ ಕಿವಿಗೆ ಮೊದಲು ತೊಡಕು. ನೇರವಾದ ಕಥೆಯನ್ನು ಬಯಸಿ ಹೋದವರು ನಿರಾಶರಾಗುವರು; ಕಟ್ಟಿದ ರೀತಿಯನ್ನು ಗಮನಿಸುವವರಿಗೆ ರಸದೌತಣ.

ಕೊನೆಯ ಚಿತ್ರದ ಕಥೆಯೂ ಈ ವಾದಕ್ಕೆ ಪುಷ್ಟಿ ಕೊಡತಕ್ಕದ್ದೇ. ಬಿಡುಗಡೆಯಾದಾಗ ಚಿತ್ರಮಂದಿರಗಳಲ್ಲಿ ಅದಕ್ಕೆ ದೊಡ್ಡ ಗೆಲವು ಸಿಗಲಿಲ್ಲ. ಅನಂತರದ ವರ್ಷಗಳಲ್ಲಿ ಅದನ್ನು ಹುಡುಕಿಕೊಂಡು ನೋಡುವವರ ಬಳಗವೇ ಬೆಳೆಯಿತು. 2006ರ ಡಿಸೆಂಬರಿನ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯಂತೂ ನೋಡಿದವರು ನೋಡದವರಿಗೆ ಹೇಳಿ ಹೇಳಿಯೇ ಬೆಂಗಳೂರಿನ ಮಾಲಿನ ಚಿತ್ರಮಂದಿರದಲ್ಲಿ ವರ್ಷ ದಾಟಿ ಓಡಿತು. ಬಾಯಿಂದ ಬಾಯಿಗೆ ಹೋಗುವ ಮಾತಿಗೆ ಕಾಲಾವಕಾಶ ಬೇಕು. ಅಂಕಕ್ಕೆ ಅದು ಬೇಡ. ಆದಕಾರಣವೇ ಅಂಕವು ಮಾತನ್ನು ಕೊಲ್ಲುತ್ತದೆ.

ಈ ಕೆಲಸವನ್ನು ಮಾಡತಕ್ಕವರು ಯಾರು? ಟಿಕೆಟು ಮಾರುವವರು ಮಾಡಲಾರರು. ಮಾಡಿದರೂ ಅವರ ಮಾತನ್ನು ನಂಬುವುದು, ಮಾವು ಮಾರುವವನನ್ನೇ ಹಣ್ಣು ಸಿಹಿಯೇ ಎಂದು ಕೇಳಿದಂತೆ. ಜಿಲ್ಲೆ ತಾಲ್ಲೂಕುಗಳ ಸಾಹಿತ್ಯಸಂಘಗಳು, ಗ್ರಾಮ ಪಂಚಾಯತಿಯ ಗ್ರಂಥಾಲಯಗಳು, ಶಾಲೆಯ ಉಪಾಧ್ಯಾಯರು, ಕಾಲೇಜಿನ ತರುಣತರುಣಿಯರು ಮಾಡಬೇಕು. ವಾರಕ್ಕೊಮ್ಮೆ ಚಳ್ಳಕೆರೆಗೋ ಬಳ್ಳಾರಿಗೋ ಹೋಗಿ ಬಂದವರು ಗ್ರಂಥಾಲಯದ ಹಲಗೆಯ ಮೇಲೆ ಐವತ್ತು ಪದ ಬರೆದು ಹೆಸರು ಹಾಕಲಿ. ಅದೇ ಚಿತ್ರವನ್ನು ನೋಡಿದ ಇನ್ನೊಬ್ಬರು ಅದರ ಕೆಳಗೆ ತಮ್ಮ ಭಿನ್ನಾಭಿಪ್ರಾಯವನ್ನೂ ಬರೆಯಲಿ. ಮಗ್ಗದವನು ಚಿತ್ರದಲ್ಲಿ ತೋರಿಸಿದ ಮಗ್ಗ ಸರಿಯೇ ಎಂಬುದನ್ನೂ, ಒಕ್ಕಲಿಗನು ಉಳುವುದು ಸರಿಯೇ ಎಂಬುದನ್ನೂ ಹೇಳಲಿ. ಭರತನು ಹೇಳಿದ ಪ್ರಾಶ್ನಿಕರು ಇವರೇ. ಅವರನ್ನು ಹುಡುಕಿಕೊಂಡು ಬೇರೆಲ್ಲಿಗೂ ಹೋಗಬೇಕಾಗಿಲ್ಲ.

ಆಕಾಶದ ನಕ್ಷತ್ರಗಳಿಗೆ ಬಯಲುಸೀಮೆಯಲ್ಲಿ ಕೊರತೆಯಿಲ್ಲ. ದಾರಿ ತಪ್ಪಿದವನಿಗೆ ಅವು ದಿಕ್ಕನ್ನು ತೋರಿಸುತ್ತವೆ; ಎಲ್ಲಿಗೆ ಹೋಗಬೇಕೆಂಬುದನ್ನು ಮಾತ್ರ ಹೋಗುವವನೇ ನಿರ್ಧರಿಸುತ್ತಾನೆ. ಕಾಗದದ ನಕ್ಷತ್ರಗಳು ದಿಕ್ಕನ್ನೂ ತೋರಿಸುವುದಿಲ್ಲ, ನಿರ್ಧಾರವನ್ನೂ ಬಿಟ್ಟುಕೊಡುವುದಿಲ್ಲ. ಅವನ್ನು ಕೆಳಗಿಳಿಸಿ, ಹೆಸರುಳ್ಳ ಮನುಷ್ಯನ ಕಾರಣವುಳ್ಳ ಮಾತನ್ನು ಅಲ್ಲಿ ಕೂರಿಸುವುದು ಕನ್ನಡ ಚಿತ್ರಗಳಿಗೂ ಮೇಲು, ಅವುಗಳನ್ನು ನೋಡಲು ಬಸ್ಸು ಹಿಡಿದು ಹೊರಡುವ ಕುಟುಂಬಗಳಿಗೂ ಮೇಲು.